ಚೈನ್ ಸಾ ಎತ್ತುವ ಮೊದಲು

ನಮ್ಮ ಕಡೆ ಮೊದಲೆಲ್ಲ ಮರ ಕೊಯ್ಯಲಿಕ್ಕೆ ಬೇರೆಯೇ ಜನ ಇದ್ದರು. ಆಚೀಚೆ ಇಬ್ಬರು ನಿಂತು ಎಳೆಯುವ ಗರಗಸ, ಎರಡು ಕೊಡಲಿ, ನಾಲ್ಕು ಬೆಣೆ, ಒಂದು ಸುರುಳಿ ಹಗ್ಗ. ದೊಡ್ಡ ಹಲಸಿನ ಮರ ಒಂದನ್ನು ಬೀಳಿಸಿ ತುಂಡು ಮಾಡುವಾಗ ಎರಡು ದಿನ ಆಗುತ್ತಿತ್ತು. ಈಗ ಆ ಜನ ಇಲ್ಲ. ಇದ್ದವರಿಗೆ ವಯಸ್ಸಾಗಿದೆ, ಮಕ್ಕಳು ಆ ಕೆಲಸಕ್ಕೆ ಬರಲಿಲ್ಲ. ಅವರ ಜಾಗಕ್ಕೆ ಬಂದದ್ದು ಪೆಟ್ರೋಲಿನ ಚೈನ್ ಸಾ.

ಎರಡು ದಿನದ ಕೆಲಸ ಎರಡು ಗಂಟೆಗೆ ಮುಗಿಯುತ್ತದೆ ಎಂಬುದು ನಿಜ. ಗಾಳಿಮಳೆಗೆ ತೋಟದ ದಾರಿಗೆ ಅಡ್ಡ ಬಿದ್ದ ಮರವನ್ನು ಅದೇ ದಿನ ತೆಗೆಯಬಹುದು. ಸತ್ತ ಅಡಿಕೆ ಮರ, ಮುದಿ ತೆಂಗು, ಒಲೆಗೆ ಕಟ್ಟಿಗೆ, ಎಲ್ಲಕ್ಕೂ ಆಗುತ್ತದೆ. ಆದರೆ ಹಳೆಯ ಗರಗಸದವರು ಗುರುವಿನ ಹಿಂದೆ ನಾಲ್ಕು ವರ್ಷ ತಿರುಗಿ ಮರದ ಗುಣ ಕಲಿತವರು. ನಾವು ಅಂಗಡಿಯಿಂದ ಮೆಷಿನ್ ತಂದ ಸಂಜೆಯೇ ಮರಕ್ಕೆ ಇಡುತ್ತೇವೆ. ಅಂಗಡಿಯವರು ಕಲಿಸುವುದು ಸ್ಟಾರ್ಟ್ ಮಾಡುವುದನ್ನು ಮಾತ್ರ. ಜತೆಗೆ ಬರುವ ಪುಸ್ತಕ ಇಂಗ್ಲಿಷಿನಲ್ಲಿ ಇರುತ್ತದೆ, ಅದು ಮೊದಲ ದಿನವೇ ಅಟ್ಟಕ್ಕೆ ಹೋಗುತ್ತದೆ.

ನಾನು ಈ ಮೆಷಿನ್ ಹಿಡಿದು ಹನ್ನೊಂದು ವರ್ಷವಾಯಿತು. ರಬ್ಬರ್ ತೋಟಗಳಲ್ಲಿ ಮರ ಕಡಿಯುವ ಕಸುಬಿನವರೊಬ್ಬರ ಜತೆ ಒಂದು ಬೇಸಿಗೆ ಇದ್ದು ಕಲಿತೆ. ಅವರು ಹೇಳಿದ್ದು, ಮತ್ತೆ ಬಳಸುತ್ತಾ ನನಗೆ ಗೊತ್ತಾದದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಅದರ ವೇಗ ಎಷ್ಟು?

ಈ ಚೈನಿನ ಹಲ್ಲಿಗೆ ಒಂದು ಕತೆ ಉಂಟು. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲೇ ವಿದ್ಯುತ್ತಿನ ಚೈನ್ ಸಾ ಮಾಡಿದ್ದರು. ಆದರೆ ಹಳೆಯ ಚೈನುಗಳ ಹಲ್ಲು ಬೇಗ ಮೊಂಡಾಗುತ್ತಿತ್ತು. ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವರು 1946ರ ಸುಮಾರಿಗೆ ಮರ ಕೊರೆಯುವ ದುಂಬಿಯ ಹುಳವನ್ನು ಕೂತು ನೋಡಿದರು. ಆ ಹುಳ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಡಿಯುತ್ತಾ ಮುಂದೆ ಹೋಗುತ್ತದೆ. ಅದನ್ನೇ ಉಕ್ಕಿನಲ್ಲಿ ಮಾಡಿದರು. ಇಂದಿಗೂ ನಮ್ಮ ಚೈನಿನ ಹಲ್ಲು ಒಂದು ಎಡದ್ದು, ಒಂದು ಬಲದ್ದು. ನಮ್ಮ ತೆಂಗು, ಮಾವಿಗೆ ಕಾಟ ಕೊಡುವ ಹುಳಗಳ ನೆಂಟನೇ ಈ ಮೆಷಿನ್‌ನ ಗುರು!

ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗೂ ಮೇಲೆ ತಿರುಗುತ್ತದೆ. ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಅಂದರೆ ಗಂಟೆಗೆ 70 ಕಿಲೋಮೀಟರ್, ಹೆದ್ದಾರಿಯಲ್ಲಿ ಹೋಗುವ ಬಸ್ಸಿನ ವೇಗ. ಒಂದೇ ಜಾಗವನ್ನು ಸೆಕೆಂಡಿಗೆ ಹತ್ತಿರ ಹತ್ತಿರ ಐನೂರು ಹಲ್ಲು ದಾಟಿ ಹೋಗುತ್ತವೆ. ತಾಗಿತು ಎಂದು ಗೊತ್ತಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಕತ್ತಿಯ ಗಾಯದಂತೆ ಇದು ಗೆರೆಯಲ್ಲ. ಮಾಂಸವನ್ನು ಕಿತ್ತುಕೊಂಡು ಹೋಗುತ್ತದೆ, ಹೊಲಿಯಲಿಕ್ಕೆ ಡಾಕ್ಟರಿಗೂ ಕಷ್ಟ.

ಎಷ್ಟು ದೊಡ್ಡದು ಬೇಕು?

ನಮ್ಮಂಥ ಎರಡು-ಮೂರು ಎಕ್ರೆಯವರಿಗೆ 35ರಿಂದ 45 ಸಿಸಿಯ ಮೆಷಿನ್, 14 ಅಥವಾ 16 ಇಂಚಿನ ಬಾರ್ ಸಾಕು. ಬಾರ್ ಉದ್ದವಾದ ಹಾಗೆ ತೂಕ ಮುಂದಕ್ಕೆ ಜಗ್ಗುತ್ತದೆ, ತುದಿ ಎಲ್ಲಿ ತಾಗಿತು ಎಂದು ಕಾಣುವುದಿಲ್ಲ. ಕಡಿಮೆ ಕ್ರಯಕ್ಕೆ ಸಿಗುತ್ತದೆಂದು 22 ಇಂಚಿನದು ತಂದು ಸೊಂಟ ನೋವು ಮಾಡಿಕೊಂಡವರು ಇದ್ದಾರೆ.

ತೆಗೆಯುವಾಗ ನಾಲ್ಕು ವಿಷಯ ನೋಡಿ. ಮುಂದಿನ ಹಿಡಿಕೆಯ ಎದುರು ಚೈನ್ ಬ್ರೇಕಿನ ತಡೆ ಉಂಟಾ? ಆಕ್ಸಿಲರೇಟರ್ ಒತ್ತಬೇಕಾದರೆ ಹಿಡಿಕೆಯ ಮೇಲಿನ ಲಾಕನ್ನೂ ಅಂಗೈಯಲ್ಲಿ ಒತ್ತಲೇಬೇಕು, ಆ ವ್ಯವಸ್ಥೆ ಸರಿ ಇದೆಯಾ? ಚೈನ್ ತುಂಡಾದರೆ ಹಿಡಿಯುವ ಕೊಕ್ಕೆ ಕೆಳಗೆ ಉಂಟಾ? ಹತ್ತಿರದ ಪೇಟೆಯಲ್ಲಿ ಬಿಡಿಭಾಗ, ರಿಪೇರಿ ಸಿಗುತ್ತದಾ? ನಾಲ್ಕಕ್ಕೂ ಹೌದು ಎಂದಾದರೆ ಮಾತ್ರ ದುಡ್ಡು ಎಣಿಸಿ.

ಬ್ಯಾಟರಿಯ ಚೈನ್ ಸಾ ಕೂಡ ಬಂದಿದೆ. ಹೊಗೆ ಇಲ್ಲ, ಗಲಾಟೆ ಕಡಿಮೆ. ಆದರೆ ಚೈನ್ ಅದೇ, ಹಲ್ಲು ಅದೇ. ಸದ್ದಿಲ್ಲವೆಂದು ಅಪಾಯ ಇಲ್ಲ ಅಂತಲ್ಲ.

ಲುಂಗಿ, ಬೈರಾಸು ಬೇಡ

ನಮ್ಮ ಊರಲ್ಲಿ ಕಾಣುವ ವೇಷ ಇದು: ಎತ್ತಿ ಕಟ್ಟಿದ ಲುಂಗಿ, ಹೆಗಲಲ್ಲಿ ಬೈರಾಸು, ಕಾಲಲ್ಲಿ ಹವಾಯಿ ಚಪ್ಪಲಿ. ಚೈನಿಗೆ ಬಟ್ಟೆಯ ತುದಿ ಸಿಕ್ಕಿದರೆ ಬಟ್ಟೆಯ ಜತೆಗೆ ಮನುಷ್ಯನನ್ನೂ ಎಳೆಯುತ್ತದೆ. ಮೈಗೆ ಸರಿಯಾದ ಪ್ಯಾಂಟು, ತೋಳಿನ ಗುಂಡಿ ಹಾಕಿದ ಅಂಗಿ, ಹಿಡಿತ ಇರುವ ಬೂಟು ಇವಿಷ್ಟು ಇಲ್ಲದೆ ಸುರು ಮಾಡಲೇಬಾರದು.

ಕಣ್ಣಿಗೆ ಕನ್ನಡಕ ಅಥವಾ ಜಾಲರಿಯ ಮುಖವಾಡ ಬೇಕು. ಕಿವಿಗೂ ಮುಚ್ಚಳ ಬೇಕು. ಈ ಮೆಷಿನ್ ಸದ್ದು ನೂರು ಡೆಸಿಬಲ್ ದಾಟುತ್ತದೆ. ಕಿವಿ ಹೋಗುವುದು ಒಂದೇ ದಿನದಲ್ಲಿ ಅಲ್ಲ, ವರ್ಷ ವರ್ಷ ಸ್ವಲ್ಪ ಸ್ವಲ್ಪ. ಹೋದದ್ದು ತಿರುಗಿ ಬರುವುದಿಲ್ಲ. ಮರ ಬೀಳಿಸುವ ಕೆಲಸವಾದರೆ ತಲೆಗೆ ಹೆಲ್ಮೆಟ್.

ಚೈನ್ ಸಾ ಕೆಲಸಕ್ಕೆಂದೇ ಮಾಡಿದ ಕಾಲುಕವಚ ಸಿಗುತ್ತದೆ. ಅದರೊಳಗೆ ಉದ್ದುದ್ದ ನೂಲಿನ ಪದರಗಳು. ಚೈನ್ ತಾಗಿದ ಕೂಡಲೇ ನೂಲು ಕಿತ್ತು ಬಂದು ಹಲ್ಲುಚಕ್ರಕ್ಕೆ ಸುತ್ತಿ ಚೈನನ್ನು ನಿಲ್ಲಿಸುತ್ತದೆ. ಗಾಯ ಹೆಚ್ಚಾಗಿ ಆಗುವುದು ಎಡ ತೊಡೆ, ಮೊಣಕಾಲಿಗೆ. ಹಾಗಾಗಿ ಎರಡನೇ ಚೈನ್ ತೆಗೆಯುವ ಮೊದಲು ಇದನ್ನು ತೆಗೆಯಿರಿ. ಒಬ್ಬರಿಗೆ ಭಾರವಾದರೆ ನಾಲ್ಕು ಮನೆಯವರು ಸೇರಿ ಒಂದು ಜತೆ ಇಟ್ಟುಕೊಳ್ಳಬಹುದು. ಎಲ್ಲರೂ ಒಂದೇ ದಿನ ಮರ ಕಡಿಯುವುದಿಲ್ಲವಲ್ಲ!

ಪೆಟ್ರೋಲು, ಎಣ್ಣೆ

ಇದು ಎರಡು ಸ್ಟ್ರೋಕಿನ ಎಂಜಿನ್. ಬರೀ ಪೆಟ್ರೋಲು ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಟೂ ಟಿ ಎಣ್ಣೆ ಬೆರೆಸಲೇಬೇಕು. ಎಷ್ಟು ಎಂಬುದು ಮೆಷಿನ್‌ನ ಪುಸ್ತಕದಲ್ಲಿ ಇರುತ್ತದೆ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, 40ಕ್ಕೆ 1 ಅಂದರೆ 25 ಮಿಲಿ, 25ಕ್ಕೆ 1 ಅಂದರೆ 40 ಮಿಲಿ. ಅಂದಾಜಿಗೆ ಮುಚ್ಚಳದಲ್ಲಿ ಹೊಯ್ಯಬೇಡಿ, ಔಷಧಿ ಬಾಟಲಿಯ ಅಳತೆಯ ಕಪ್ಪಾದರೂ ಆದೀತು.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಸೇರಿಸಿರುತ್ತಾರೆ. ಎಥನಾಲ್ ಗಾಳಿಯ ತೇವ ಎಳೆಯುತ್ತದೆ. ನಮ್ಮ ಮಳೆಗಾಲದಲ್ಲಿ ಕೇಳಬೇಕೇ? ಬೆರೆಸಿದ ಪೆಟ್ರೋಲನ್ನು ತಿಂಗಳಿಗಿಂತ ಹೆಚ್ಚು ಇಡದಿರುವುದು ಒಳ್ಳೆಯದು. ಮೆಷಿನ್ ಒಳಗೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವವರೆಗೆ ಬಿಡಿ. ಕಾರ್ಬ್ಯುರೇಟರ್ ಒಣಗುತ್ತದೆ, ಮುಂದಿನ ಸಲ ಹಗ್ಗ ಎಳೆದು ಎಳೆದು ತೋಳು ಬೀಳುವುದು ತಪ್ಪುತ್ತದೆ.

ಚೈನಿಗೆ ಬೇರೆ ಎಣ್ಣೆ, ಬೇರೆ ಟ್ಯಾಂಕ್. ಪೆಟ್ರೋಲು ಹಾಕಿದಾಗೆಲ್ಲ ಇದನ್ನೂ ತುಂಬಿಸುವುದು ರೂಢಿಯಾಗಬೇಕು. ಬೈಕಿನಿಂದ ತೆಗೆದ ಕರಿ ಎಣ್ಣೆ ಹಾಕುವವರು ಉಂಟು. ಅದರಲ್ಲಿ ಲೋಹದ ಹುಡಿ ಇರುತ್ತದೆ, ಪಂಪು ಸವೆಯುತ್ತದೆ, ಸಿಡಿದು ಕೈಗೆ, ಮುಖಕ್ಕೆ ಬೀಳುತ್ತದೆ, ತೋಟದ ಮಣ್ಣಿಗೂ ಸೇರುತ್ತದೆ. ಬೇಡ. ಎಣ್ಣೆ ಬರುತ್ತಿದೆಯೇ ಎಂದು ನೋಡಲು ಬಾರ್‌ನ ತುದಿಯನ್ನು ಒಣ ಕುತ್ತಿಯೊಂದರ ಕಡೆಗೆ, ಅದಕ್ಕೆ ತಾಗದ ಹಾಗೆ ಗೇಣು ದೂರದಲ್ಲಿ ಹಿಡಿದು ಆಕ್ಸಿಲರೇಟರ್ ಕೊಡಿ. ಎಣ್ಣೆಯ ಸಣ್ಣ ಗೆರೆ ಬೀಳಬೇಕು.

ಪೆಟ್ರೋಲು ತುಂಬಿಸುವಾಗ ಎಂಜಿನ್ ನಿಲ್ಲಿಸಿ, ತಣಿಯಲು ಬಿಡಿ. ಬೀಡಿ ದೂರ ಇಡಿ. ತುಂಬಿಸಿದ ಜಾಗದಿಂದ ಹತ್ತು ಅಡಿ ಆಚೆಗೆ ಹೋಗಿ ಸ್ಟಾರ್ಟ್ ಮಾಡಿ.

ಸ್ಟಾರ್ಟ್ ಮಾಡುವ ಕ್ರಮ

ಮೆಷಿನ್ ಅನ್ನು ಗಾಳಿಯಲ್ಲಿ ಹಿಡಿದು, ಕೆಳಕ್ಕೆ ಕುಟ್ಟಿದ ಹಾಗೆ ಮಾಡಿ ಹಗ್ಗ ಎಳೆಯುವುದು ನೋಡಲು ಗಮ್ಮತ್ತು. ಆದರೆ ಆ ಹೊತ್ತಿಗೆ ಮೆಷಿನ್ ಮೇಲೆ ನಿಮ್ಮ ಹಿಡಿತ ಇಲ್ಲ. ಸರಿಯಾದ ಕ್ರಮ ಇದು:

ಸಮತಟ್ಟು ಜಾಗದಲ್ಲಿ ನೆಲಕ್ಕೆ ಇಡಿ, ಚೈನ್ ಯಾವುದಕ್ಕೂ ತಾಗಬಾರದು. ಚೈನ್ ಬ್ರೇಕನ್ನು ಮುಂದಕ್ಕೆ ದೂಡಿ ಹಾಕಿ. ಎಡಗೈಯಲ್ಲಿ ಮುಂದಿನ ಹಿಡಿಕೆ ಒತ್ತಿ ಹಿಡಿಯಿರಿ. ಬಲಗಾಲಿನ ಬೂಟಿನ ತುದಿಯನ್ನು ಹಿಂದಿನ ಹಿಡಿಕೆಯೊಳಗೆ ತೂರಿಸಿ ಮೆಟ್ಟಿ. ಬಲಗೈಯಲ್ಲಿ ಹಗ್ಗ ಎಳೆಯಿರಿ. ಬ್ರೇಕ್ ಬಿಡುವುದು ಎದ್ದು ನಿಂತು, ಎರಡೂ ಕೈಯಲ್ಲಿ ಹಿಡಿದ ಮೇಲೆ. ಒಂದು ಮರದಿಂದ ಇನ್ನೊಂದಕ್ಕೆ ನಾಲ್ಕು ಹೆಜ್ಜೆ ನಡೆಯುವುದಾದರೂ ಬ್ರೇಕ್ ಹಾಕಿ ನಡೆಯಿರಿ. ದೂರವಾದರೆ ಎಂಜಿನ್ ನಿಲ್ಲಿಸಿ, ಬಾರಿಗೆ ಕವರ್ ಹಾಕಿ, ಬಾರ್ ಹಿಂದಕ್ಕೆ ಬರುವ ಹಾಗೆ ಹಿಡಿದು ಹೋಗಿ.

ದಿನದ ಮೊದಲ ಕೆಲಸ ಬ್ರೇಕ್ ಪರೀಕ್ಷೆ. ಆಕ್ಸಿಲರೇಟರ್ ಕೊಟ್ಟು, ಹಿಡಿಕೆ ಬಿಡದೆ ಎಡಗೈಯ ಮಣಿಗಂಟಿನಿಂದ ತಡೆಯನ್ನು ಮುಂದಕ್ಕೆ ದೂಡಿ. ಚೈನ್ ತಟ್ಟನೆ ನಿಲ್ಲಬೇಕು. ನಿಲ್ಲದಿದ್ದರೆ ಆ ದಿನ ಕೆಲಸ ಇಲ್ಲ, ಮೆಷಿನ್ ರಿಪೇರಿಗೆ. ಆಕ್ಸಿಲರೇಟರ್ ಬಿಟ್ಟ ಮೇಲೂ ಚೈನ್ ತಿರುಗುತ್ತಿದ್ದರೆ ಐಡ್ಲಿಂಗ್ ಹೆಚ್ಚಾಗಿದೆ ಎಂದು ಅರ್ಥ, ಸರಿಮಾಡಿಸಿ.

ಒದೆತ

ಚೈನ್ ಸಾದ ದೊಡ್ಡ ಅಪಾಯ ಇದೇ. ಚೈನ್ ಬಾರ್‌ನ ಮೇಲ್ಬದಿಯಲ್ಲಿ ಮುಂದಕ್ಕೆ ಓಡಿ, ತುದಿಯಲ್ಲಿ ತಿರುಗಿ, ಕೆಳಬದಿಯಲ್ಲಿ ನಮ್ಮ ಕಡೆಗೆ ಬರುತ್ತದೆ. ಹಾಗಾಗಿ ಕೆಳಬದಿಯಲ್ಲಿ ಕೊಯ್ಯುವಾಗ ಮೆಷಿನ್ ನಮ್ಮನ್ನು ಮುಂದಕ್ಕೆ ಎಳೆಯುತ್ತದೆ. ಮೇಲ್ಬದಿಯಲ್ಲಿ ಕೊಯ್ದರೆ ನಮ್ಮ ಕಡೆಗೆ ದೂಡುತ್ತದೆ. ಇವೆರಡನ್ನು ತಡೆಯಬಹುದು. ಆದರೆ ಬಾರ್‌ನ ತುದಿಯ ಮೇಲಿನ ಕಾಲುಭಾಗ, ಗಡಿಯಾರದಲ್ಲಿ 12ರಿಂದ 3ರವರೆಗಿನ ಜಾಗ, ಮರಕ್ಕೋ ಗೆಲ್ಲಿಗೋ ತಾಗಿತು ಅನ್ನಿ. ಅಲ್ಲಿ ಹಲ್ಲು ಕೊಯ್ಯಲಾರದೆ ಕಚ್ಚಿಕೊಳ್ಳುತ್ತದೆ. ಎಂಜಿನ್‌ನ ಶಕ್ತಿಯೆಲ್ಲ ಬಾರನ್ನು ಮೇಲಕ್ಕೂ ಹಿಂದಕ್ಕೂ ಎಸೆಯುತ್ತದೆ. ನೇರ ಮುಖಕ್ಕೆ, ಕುತ್ತಿಗೆಗೆ. ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ, ಎಷ್ಟು ಗಟ್ಟಿ ಆಳಾದರೂ ಆಗ ತಡೆಯಲಿಕ್ಕೆ ಪುರುಸೊತ್ತು ಇಲ್ಲ.

ಹಾಗಾಗಿ ಆಗದಂತೆ ನೋಡಿಕೊಳ್ಳುವುದೇ ದಾರಿ. ಎಡಗೈಯ ಹೆಬ್ಬೆರಳು ಮುಂದಿನ ಹಿಡಿಕೆಯ ಕೆಳಗಿನಿಂದ ಸುತ್ತಿ ಬರಲಿ. ಎಡಮೊಣಕೈ ಹೆಚ್ಚು ಮಡಚಬೇಡಿ. ಬಾರ್‌ನ ನೇರಕ್ಕೆ ತಲೆ ಇಡಬೇಡಿ, ಒಂದು ಚೂರು ಎಡಕ್ಕೆ ನಿಲ್ಲಿ. ತುದಿ ಎಲ್ಲಿದೆ ಎಂಬುದರ ಮೇಲೆ ಯಾವಾಗಲೂ ಕಣ್ಣು ಇರಲಿ. ಗೆಲ್ಲಿನ ರಾಶಿಯೊಳಗೆ ತುದಿ ತೂರಿಸಬೇಡಿ, ಅಲ್ಲಿ ಕತ್ತಿಯೇ ಲಾಯಕ್ಕು. ಹೆಗಲಿಗಿಂತ ಎತ್ತರ ಎತ್ತಿ ಕೊಯ್ಯಬೇಡಿ. ಏಣಿಯ ಮೇಲೆ ನಿಂತು, ಮರ ಹತ್ತಿ, ಒಂದೇ ಕೈಯಲ್ಲಿ ಹಿಡಿದು ಕೊಯ್ಯುವುದಂತೂ ಬೇಡವೇ ಬೇಡ. ಕಾಳುಮೆಣಸಿನ ಬಳ್ಳಿ ಇರುವ ಮರದ ಗೆಲ್ಲು ಸವರಲು ಕೋಲಿಗೆ ಕಟ್ಟಿದ ಕೈಗರಗಸ ಉಂಟಲ್ಲ!

ಹಲ್ಲು ಹರಿತವಾಗಿರಲಿ

ಮೊಂಡು ಚೈನ್ ಕೊಯ್ಯುವುದಿಲ್ಲ, ನಾವು ಒತ್ತುತ್ತೇವೆ, ಒತ್ತಿದಾಗ ಜಾರುತ್ತದೆ. ನೆಲಕ್ಕೆ ಬೀಳುವುದನ್ನು ನೋಡಿ. ಅವಲಕ್ಕಿಯಂಥ ಚೂರು ಬಿದ್ದರೆ ಹರಿತ ಉಂಟು. ರಾಗಿಹಿಟ್ಟಿನಂಥ ನುಣ್ಣನೆ ಹುಡಿ ಬಿದ್ದರೆ ನಿಲ್ಲಿಸಿ, ಅರ ಹಾಕಿ. ಮೆಷಿನ್ ಒಂದೇ ಬದಿಗೆ ವಾಲಿ ಕೊಯ್ಯುತ್ತಿದ್ದರೆ ಆಚೀಚೆ ಬದಿಯ ಹಲ್ಲುಗಳ ಉದ್ದ ಅಥವಾ ಹರಿತ ಸಮ ಇಲ್ಲ.

ಅರ ದುಂಡಗಿನದೇ ಆಗಬೇಕು, ಗಾತ್ರ ಚೈನಿಗೆ ತಕ್ಕಂತೆ. ಸಣ್ಣ ಮೆಷಿನ್‌ಗಳ ತೆಳು ಚೈನಿಗೆ 4 ಮಿಲಿಮೀಟರ್, .325 ಎಂಬ ಚೈನಿಗೆ 4.8 ಮಿಲಿಮೀಟರ್. ಹಲ್ಲಿನ ಒಳಗಿನಿಂದ ಹೊರಕ್ಕೆ, ಮುಂದಕ್ಕೆ ದೂಡುವಾಗ ಮಾತ್ರ ಒತ್ತು. ಕೋನ ಸಾಮಾನ್ಯವಾಗಿ 30 ಡಿಗ್ರಿ, ಹೆಚ್ಚಿನ ಚೈನುಗಳ ಹಲ್ಲಿನ ಮೇಲೆ ಅದರ ಗೆರೆಯೂ ಇರುತ್ತದೆ. ಪ್ರತಿ ಹಲ್ಲಿಗೂ ಸಮ ಎಳೆತ: ಒಂದಕ್ಕೆ ಮೂರಾದರೆ ಎಲ್ಲಕ್ಕೂ ಮೂರು. ಪ್ರತಿ ಹಲ್ಲಿನ ಎದುರಿಗಿರುವ ಗಿಡ್ಡ ಮೂಗು ಎಷ್ಟು ಆಳ ಕಚ್ಚಬೇಕು ಎಂಬುದನ್ನು ನಿರ್ಧರಿಸುತ್ತದೆ. ಅದು ಹಲ್ಲಿಗಿಂತ ಸಾಮಾನ್ಯವಾಗಿ 0.65 ಮಿಲಿಮೀಟರ್ ತಗ್ಗಿನಲ್ಲಿರಬೇಕು. ಅಳತೆಯ ಪಟ್ಟಿ ಇಟ್ಟು ನೋಡದೆ ಅದನ್ನು ಉಜ್ಜಬೇಡಿ. ಹೆಚ್ಚು ತಗ್ಗಿಸಿದರೆ ಚೈನ್ ಹಸಿದ ನಾಯಿಯಂತೆ ಕಚ್ಚುತ್ತದೆ, ಒದೆತವೂ ಹೆಚ್ಚು.

ಚೈನ್‌ನ ಬಿಗಿತ ತಣ್ಣಗಿರುವಾಗ ನೋಡಿ. ಬಾರ್‌ನ ಕೆಳಬದಿಗೆ ಅಂಟಿಕೊಂಡಿರಬೇಕು, ಕೈಗವಸು ಹಾಕಿ ಎಳೆದರೆ ಸಲೀಸಾಗಿ ತಿರುಗಬೇಕು. ಹೊಸ ಚೈನ್ ಮೊದಲ ದಿನ ಬೇಗ ಸಡಿಲವಾಗುತ್ತದೆ, ಆಗಾಗ ನೋಡುತ್ತಿರಿ. ಬಿಸಿಯಿರುವಾಗ ಬಿಗಿ ಮಾಡಿದ್ದರೆ ಸಂಜೆ ಸಡಿಲಿಸಿ ಇಡಿ. ತಣಿದಾಗ ಚೈನ್ ಕುಗ್ಗಿ ಬಾರನ್ನು ಹಿಂಡುತ್ತದೆ.

ಬೇಲಿಯ ಮರ ಕೊಯ್ಯುವಾಗ ಮೊದಲು ಮೊಳೆ, ಮುಳ್ಳುತಂತಿ ಹುಡುಕಿ. ಹತ್ತಿಪ್ಪತ್ತು ವರ್ಷದ ಹಿಂದೆ ಬಡಿದದ್ದನ್ನು ಮರ ನುಂಗಿರುತ್ತದೆ. ಚೈನ್ ಮಣ್ಣಿಗೆ ಒಮ್ಮೆ ತಾಗಿದರೂ ಹರಿತ ಹೋಯಿತು. ತುಂಡಿನ ಅಡಿಗೆ ಅಡ್ಡಕೋಲು ಕೊಟ್ಟು ಎತ್ತರಿಸಿ ಕೊಯ್ಯಿರಿ.

ಬಿದ್ದ ಮರ ಸತ್ತ ಹಾವಲ್ಲ

ನಿಂತ ಮರಕ್ಕೆ ಎಲ್ಲರೂ ಹೆದರುತ್ತಾರೆ. ಬಿದ್ದದ್ದನ್ನು ಕಂಡರೆ ಧೈರ್ಯ. ನಮ್ಮ ಕಡೆ ಮಳೆಗಾಲದಲ್ಲಿ ಚೈನ್ ಸಾ ಹೊರಗೆ ಬರುವುದೇ ಬಿದ್ದ ಮರಕ್ಕೆ. ಆದರೆ ಬಿದ್ದ ಮರದೊಳಗೆ ಬಿಲ್ಲಿನಂತೆ ಬಿಗಿತ ಇರುತ್ತದೆ. ಎಲ್ಲಿ ಹಿಂಡಿದೆ, ಎಲ್ಲಿ ಎಳೆದಿದೆ ಎಂದು ಓದಿಕೊಂಡ ಮೇಲೆ ಬಾರ್ ಇಡಬೇಕು.

ತುಂಡು ಎರಡೂ ತುದಿಯಲ್ಲಿ ಆಧಾರದ ಮೇಲೆ ಇದ್ದು ನಡುವೆ ನೇತಾಡುತ್ತಿದ್ದರೆ ಮೇಲ್ಬದಿ ಹಿಂಡಿರುತ್ತದೆ. ಮೇಲಿನಿಂದಲೇ ಪೂರ್ತಿ ಕೊಯ್ದರೆ ಬಾರ್ ಸಿಕ್ಕಿಬೀಳುತ್ತದೆ. ಮೊದಲು ಮೇಲಿನಿಂದ ಮೂರರಲ್ಲೊಂದು ಭಾಗ, ಉಳಿದದ್ದು ಕೆಳಗಿನಿಂದ. ಒಂದೇ ಕಡೆ ಆಧಾರ ಇದ್ದು ಇನ್ನೊಂದು ತುದಿ ಗಾಳಿಯಲ್ಲಿ ಇದ್ದರೆ ಇದರ ಉಲ್ಟಾ: ಮೊದಲು ಕೆಳಗಿನಿಂದ ಮೂರರಲ್ಲೊಂದು, ಮತ್ತೆ ಮೇಲಿನಿಂದ. ಇಳಿಜಾರಿನಲ್ಲಿ ಯಾವಾಗಲೂ ಮೇಲ್ಬದಿಗೆ ನಿಲ್ಲಿ, ದಿಮ್ಮಿ ಉರುಳುವುದು ಕೆಳಕ್ಕೆ.

ದೊಡ್ಡ ಮರದ ಅಡಿಗೆ ಸಿಕ್ಕಿ ಬಾಗಿರುವ ಸಣ್ಣ ಗಿಡ, ಗೆಲ್ಲುಗಳು ಇನ್ನೂ ಮೋಸ. ಕೊಯ್ದ ಕೂಡಲೇ ಚಾಟಿಯಂತೆ ಹೊಡೆಯುತ್ತವೆ. ಎರಡು ಮಳೆಗಾಲದ ಹಿಂದೆ ನಮ್ಮ ಪಕ್ಕದ ಊರಿನ ಒಬ್ಬರಿಗೆ ಆದದ್ದು ಇದೇ. ದಾರಿಗೆ ಬಿದ್ದ ಮಾವಿನ ಮರದ ಅಡಿಯ ಗೆಲ್ಲು ಕೊಯ್ದರು. ಅದು ಸಿಡಿದು ಮೆಷಿನ್‌ಗೆ ಬಡಿಯಿತು, ಮೆಷಿನ್ ಎಡ ಮೊಣಕಾಲಿಗೆ ಬಂತು. ಜೀವಕ್ಕೆ ಏನಾಗಲಿಲ್ಲ. ಆದರೆ ಮೂರು ತಿಂಗಳು ತೋಟಕ್ಕೆ ಇಳಿಯಲಿಲ್ಲ, ಎರಡನೇ ಸಲದ ಔಷಧಿ ಬಿಡುವುದು ತಪ್ಪಿತು, ಅರ್ಧ ತೋಟಕ್ಕೆ ಕೊಳೆರೋಗ. ಒಂದು ಗೆಲ್ಲಿನ ಲೆಕ್ಕ ಒಂದು ವರ್ಷದ ಫಸಲಿಗೆ ಹೋಯಿತು. ಸಣ್ಣ ಹಿಡುವಳಿಯವರಿಗೆ ಮೊಣಕಾಲು ಅಂದರೆ ಬರೀ ಮೊಣಕಾಲಲ್ಲ. ಇಂಥ ಬಾಗಿದ ಗೆಲ್ಲನ್ನು ಬಾಗಿದ ಒಳಬದಿಯಿಂದ ಚೂರು ಚೂರೇ ಕೆರೆಯುತ್ತಾ ಬಂದರೆ ಬಿಗಿತ ಮೆಲ್ಲ ಇಳಿಯುತ್ತದೆ.

ಬೇರುಸಮೇತ ಬಿದ್ದ ಮರದ ವಿಷಯ ಎಲ್ಲರಿಗೂ ಗೊತ್ತಿರಲೇಬೇಕು. ಬುಡದಲ್ಲಿ ಬೇರು, ಮಣ್ಣು ಸೇರಿ ಗೋಡೆಯಂತೆ ಎದ್ದು ನಿಂತಿರುತ್ತದೆ, ಅದರ ಹಿಂದೆ ಹೊಂಡ. ಕಾಂಡದ ಭಾರ ಅದನ್ನು ಹಿಡಿದಿರುತ್ತದೆ. ಕಾಂಡ ತುಂಡಾದ ಕ್ಷಣ ಆ ಗೋಡೆ ಮೊದಲಿದ್ದ ಜಾಗಕ್ಕೆ ದಡಕ್ಕನೆ ಕೂರಬಹುದು. ಮಕ್ಕಳಿಗೆ ಆ ಹೊಂಡ ಎಂದರೆ ಆಟದ ಮನೆ. ಕೊಯ್ಯುವ ಮೊದಲು ಹೊಂಡದಲ್ಲಿ ಮಗು, ನಾಯಿ ಯಾರೂ ಇಲ್ಲವೆಂದು ನೀವೇ ಹೋಗಿ ನೋಡಿ. ಬುಡಕ್ಕೆ ಹಗ್ಗ ಹಾಕಿ ಬೇರೆ ಮರಕ್ಕೆ ಬಿಗಿಯಿರಿ. ಬುಡದ ಹತ್ತಿರವೇ ಕೊಯ್ಯದೆ ಕೆಲವು ಅಡಿ ಕಾಂಡ ಬಿಡಿ.

ಕರೆಂಟಿನ ತಂತಿಗೆ ತಾಗಿದ ಮರ ನಮ್ಮ ಕೆಲಸವಲ್ಲ. ಮೆಸ್ಕಾಂನವರು ಬಂದು ಲೈನ್ ಆಫ್ ಮಾಡಿದ್ದೇವೆ ಎಂದು ಹೇಳುವವರೆಗೆ ಹತ್ತಿರ ಹೋಗಬೇಡಿ.

ನಿಂತ ಮರ

ಮೊದಲು ಅನುಮತಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ನಮ್ಮದೇ ಜಾಗದ ಮರವಾದರೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ತೆಂಗು, ರಬ್ಬರ್, ಗಾಳಿ, ನೀಲಗಿರಿ, ಸಿಲ್ವರ್ ಓಕ್, ಗ್ಲಿರಿಸೀಡಿಯದಂಥ ಕೆಲವಕ್ಕೆ ವಿನಾಯಿತಿ ಉಂಟು. ಉಳಿದವಕ್ಕೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

ಮತ್ತೆ ಮರದ ಸುತ್ತ ಒಂದು ಸುತ್ತು ಬನ್ನಿ. ಯಾವ ಕಡೆ ವಾಲಿದೆ, ಗೆಲ್ಲಿನ ಭಾರ ಎಲ್ಲಿ, ಗಾಳಿ ಯಾವ ಕಡೆ, ಒಣಗೆಲ್ಲು ನೇತಾಡುತ್ತಿದೆಯೇ, ಬುಡ ಟೊಳ್ಳೇ, ಅಣಬೆ ಎದ್ದಿದೆಯೇ, ಚಗಳಿ ಕೊಟ್ಟೆ, ಜೇನು, ಕಣಜ ಉಂಟಾ? ಹೊಲಗೇರು, ಅಂದರೆ ಚೇರೆ ಮರವಾದರೆ ಬಿಟ್ಟುಬಿಡಿ. ಕೈಗರಗಸದಲ್ಲಿ ತೊಟ್ಟು ತೊಟ್ಟು ಬೀಳುವ ಸೊನೆಯನ್ನು ಚೈನ್ ಮುಖದ ತುಂಬ ಎರಚುತ್ತದೆ, ವಾರಗಟ್ಟಲೆ ಮೈ ಬಾತು ತುರಿಸುತ್ತದೆ.

ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಕೊಯ್ಯುವವರ ವಿನಾ ಯಾರೂ ಇರಬಾರದು. ಬೀಳುವ ದಿಕ್ಕಿಗೆ ಬೆನ್ನು ಹಾಕಿ, ಓರೆಯಾಗಿ ಹಿಂದಕ್ಕೆ ಓಡಲು ಎರಡು ದಾರಿಯನ್ನು ಮೊದಲೇ ಸವರಿ ಇಡಿ. ನೇರ ಹಿಂದಕ್ಕೆ ಓಡಬಾರದು, ಬುಡ ಹಿಂದಕ್ಕೆ ಜಿಗಿಯುವುದು ಅಲ್ಲಿಗೇ.

20 ಇಂಚು ದಪ್ಪದ ಮರ ಎಂದಿಟ್ಟುಕೊಳ್ಳಿ. ಬೀಳಬೇಕಾದ ಬದಿಯಲ್ಲಿ ಬಾಯಿ ತೆರೆದ ಹಾಗೆ ಕಚ್ಚು ಹಾಕಬೇಕು, ಆಳ 4ರಿಂದ 5 ಇಂಚು. ಮತ್ತೆ ಹಿಂಬದಿಯಿಂದ, ಕಚ್ಚಿನ ತಳಕ್ಕಿಂತ ಒಂದೆರಡು ಇಂಚು ಮೇಲೆ, ಅಡ್ಡಕ್ಕೆ ಕೊಯ್ಯುತ್ತಾ ಬನ್ನಿ. ಪೂರ್ತಿ ಕೊಯ್ಯಬಾರದು. ನಡುವೆ 2 ಇಂಚು ಪಟ್ಟಿ ಉಳಿಯಬೇಕು. ಅದು ಬಾಗಿಲಿನ ಬಿಜಾಗರಿ ಇದ್ದ ಹಾಗೆ. ಮರ ಅದರ ಮೇಲೆ ತಿರುಗಿ ನಾವು ಹೇಳಿದ ಕಡೆಗೆ ಬೀಳುತ್ತದೆ. ಬಿಜಾಗರಿ ಕೊಯ್ದು ಹೋದರೆ ಮರಕ್ಕೆ ಯಜಮಾನ ಇಲ್ಲ. ಬಾರ್ ಒಳಗೆ ಹೋದ ಕೂಡಲೇ ಹಿಂದಿನ ಸೀಳಿಗೆ ಬೆಣೆ ಕೊಡಿ. ಬೆಣೆ ಮರದ್ದು ಅಥವಾ ಪ್ಲಾಸ್ಟಿಕ್ಕಿನದಾಗಲಿ, ಕಬ್ಬಿಣದ್ದಕ್ಕೆ ಚೈನ್ ತಾಗಿದರೆ ಕೆಟ್ಟಿತು.

ಜೋರಾಗಿ ವಾಲಿದ ಮರಕ್ಕೆ ಈ ಕ್ರಮ ಹಿಡಿಯುವುದಿಲ್ಲ. ಅರ್ಧ ಕೊಯ್ಯುವಾಗಲೇ ಕಾಂಡ ಉದ್ದಕ್ಕೆ ಸೀಳಿ ಹಿಂದಕ್ಕೆ ಒದೆಯಬಹುದು. ಅಂಥದ್ದನ್ನು, ಟೊಳ್ಳು ಮರವನ್ನು, ಮನೆ ಕಡೆ ವಾಲಿದ್ದನ್ನು ಕಸುಬಿನವರಿಗೇ ಬಿಡಿ. ಇನ್ನೊಂದು ಮರಕ್ಕೆ ಸಿಕ್ಕಿ ನೇತಾಡುವ ಮರದ ಅಡಿಗೆ ಹೋಗಿ ಕೊಯ್ಯುವುದು ಬೇಡ. ದೂರದಿಂದ ಹಗ್ಗ ಹಾಕಿ ಬುಡವನ್ನು ಎಳೆದು ತಪ್ಪಿಸಬೇಕು.

ಅಡಿಕೆ, ತೆಂಗು ಬೇರೆಯೇ ಜಾತಿ. ಕಾಂಡವೆಲ್ಲ ನಾರು, ತೆಂಗಿನಲ್ಲಂತೂ ಹೊರಗೆ ಗಟ್ಟಿ, ಒಳಗೆ ಮೆದು. ಕಾಡುಮರದಂತೆ ಬಿಜಾಗರಿ ನಂಬಲಿಕ್ಕಾಗದು. ದಿಕ್ಕು ತಪ್ಪದ ಹಾಗೆ ದೋಟಿಯಲ್ಲಿ ಹಗ್ಗ ಏರಿಸಿ, ಮರದ ಎತ್ತರಕ್ಕಿಂತ ದೂರ ನಿಂತು ಎಳೆಯುವವರು ಬೇಕು. ಸತ್ತು ನಿಂತ ಮರಕ್ಕೆ ಮೆಷಿನ್ ಇಟ್ಟಾಗ ಅದುರಿಗೆ ತಲೆಯೇ ಕಳಚಿ ಬೀಳುವುದುಂಟು, ಮೇಲೆ ಕಣ್ಣಿರಲಿ. ತೆಂಗಿನಲ್ಲಿ ಕಾಯಿ, ಒಣಮಡಲು ಇದ್ದರೆ ಮೊದಲೇ ಇಳಿಸಿ. ನಾರು ಹಲ್ಲುಚಕ್ರದ ಕವರಿನೊಳಗೆ ತುಂಬುತ್ತದೆ, ನಾಲ್ಕೈದು ಮರಕ್ಕೊಮ್ಮೆ ಎಂಜಿನ್ ನಿಲ್ಲಿಸಿ ತೆಗೆಯಿರಿ.

ಬಾಡಿಗೆಗೆ ಕರೆದಾಗ

ಸ್ವಂತ ಮೆಷಿನ್ ಇಲ್ಲದವರು ಕಸುಬಿನವರನ್ನು ಕರೆಯುತ್ತಾರೆ. ಆಗಲೂ ನಮಗೆ ಜವಾಬ್ದಾರಿ ಉಂಟು. ದಿಮ್ಮಿ ಅಲುಗದ ಹಾಗೆ ಕೈಯಲ್ಲಿ, ಕಾಲಲ್ಲಿ ಹಿಡಿಯಲು ಮನೆಯವರನ್ನು ನಿಲ್ಲಿಸುವುದು ಬೇಡ, ಎರಡು ಗೂಟ ಹೊಡೆದರೆ ಸಾಕು. ಮೆಷಿನ್ ಓಡುವಾಗ ಹಿಂದಿನಿಂದ ಹೋಗಿ ಹೆಗಲು ಮುಟ್ಟಿ ಕರೆಯಬೇಡಿ. ಕಿವಿ ಮುಚ್ಚಿದವರು ಮೆಷಿನ್ ಸಮೇತ ತಿರುಗುತ್ತಾರೆ. ಎದುರಿನಿಂದ ಬಂದು ಕೈ ಎತ್ತಿ. ಕತ್ತಲೆಯೊಳಗೆ ಮುಗಿಸಿಕೊಡಿ ಎಂದು ಅವಸರ ಮಾಡಬೇಡಿ. ಎರಡು ಟ್ಯಾಂಕ್ ಪೆಟ್ರೋಲು ಮುಗಿದಾಗ ನೀರು, ಬೆಲ್ಲ ಕೊಟ್ಟು ಸ್ವಲ್ಪ ಕೂರಿಸಿ. ದಿನವಿಡೀ ಅದುರಿದರೆ ಬೆರಳು ಬಿಳಿಚಿ ಜುಮುಗುಟ್ಟುತ್ತದೆ, ಹಿಡಿತ ಸಡಿಲವಾಗುವುದು ಆಗಲೇ.

ಗಾಯವಾದರೆ

ಒಬ್ಬರೇ ಹೋಗಬೇಡಿ ಎಂದು ಹೇಳುವುದು ಇದಕ್ಕೆ. ಇನ್ನೊಬ್ಬರು ಕೂಗಿದರೆ ಕೇಳುವಷ್ಟು ಹತ್ತಿರ ಇರಲಿ. ಫೋನಿಗೆ ಎಲ್ಲಿ ಸಿಗ್ನಲ್ ಸಿಗುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ರಕ್ತ ಬರುವ ಜಾಗಕ್ಕೆ ಚೊಕ್ಕ ಬಟ್ಟೆ ಇಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ, ತೆಗೆದು ತೆಗೆದು ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು. ಕೈಕಾಲಿನ ರಕ್ತ ಒತ್ತಿದರೂ ಚಿಮ್ಮುತ್ತಿದ್ದರೆ ಗಾಯದ ಮೇಲ್ಗಡೆ, ಕೀಲು ಬಿಟ್ಟು, ಅಗಲದ ಬಟ್ಟೆ ಸುತ್ತಿ ಕೋಲು ತೂರಿಸಿ ತಿರುಚಿ ಬಿಗಿಯಿರಿ. ಬಿಗಿದ ಹೊತ್ತು ನೆನಪಿಟ್ಟು ಡಾಕ್ಟರಿಗೆ ಹೇಳಿ, ನಡುವೆ ಸಡಿಲಿಸಬೇಡಿ. ಕಾಫಿಹುಡಿ, ಅರಸಿನ, ಸೊಪ್ಪಿನ ರಸ ಯಾವುದೂ ಬೇಡ. ತುಂಡಾದ ಬೆರಳನ್ನು ಒದ್ದೆ ಚೊಕ್ಕ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯಲ್ಲಿ ಇಟ್ಟು ಜತೆಗೇ ಕೊಂಡುಹೋಗಿ. ಮಂಜುಗಡ್ಡೆ ನೇರ ತಾಗಬಾರದು. 108ಕ್ಕೆ ಫೋನ್ ಮಾಡಿ. ದಾರಿ ಸರಿಯಿಲ್ಲದ ಮನೆಯಾದರೆ ಯಾರಾದರೊಬ್ಬರು ಮುಖ್ಯರಸ್ತೆಗೆ ಹೋಗಿ ನಿಲ್ಲಲಿ.

ಈ ಲೇಖನ ಓದಿ ಯಾರೂ ಮೆಷಿನ್ ಮಾರಬೇಕಾಗಿಲ್ಲ. ಜನ ಸಿಗದ ಈ ಕಾಲದಲ್ಲಿ ಅದು ಬೇಕು. ಮಳೆ ಹಿಡಿಯುವ ಮೊದಲು ಒಂದು ಭಾನುವಾರ ನಾಲ್ಕು ಮನೆಯವರು ಸೇರಿ, ಅನುಭವ ಇದ್ದವರನ್ನು ಕರೆದು, ಅರ ಹಾಕುವುದು, ಬ್ರೇಕ್ ಪರೀಕ್ಷೆ, ಕಚ್ಚು ಹಾಕುವುದು ಇಷ್ಟನ್ನು ಕಲಿತರೆ ಸಾಕು. ಅಡಿಕೆ, ತೆಂಗಿನ ಮರವನ್ನು ಸುಲಭವಾಗಿ, ಪಕ್ಕದ ಗಿಡಕ್ಕೆ ಏಟಾಗದ ಹಾಗೆ ಬೀಳಿಸುವ ಬೇರೆ ಉಪಾಯ ಗೊತ್ತಿದ್ದವರು ಪತ್ರಿಕೆಗೆ ಬರೆಯಿರಿ. ನನಗೂ ಬೇಕಾಗಿದೆ.